ಕೇಳದೆ ಬರೆದ ಉತ್ತರ

ನಮ್ಮ ರಸ್ತೆಯಲ್ಲಿ ಯಾರ ಮನೆಯ ಸಂಪು ತುಂಬಿದೆ, ಯಾರ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಮನೆ ನಾಯಿಗೆ ಹೊಟ್ಟೆ ಸರಿಯಿಲ್ಲ, ಎಲ್ಲವೂ ನನಗೆ ಗೊತ್ತು. ಕುವೆಂಪುನಗರಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಬಡಾವಣೆ ಸಂಘದ ಕಾರ್ಯದರ್ಶಿಯಾಗಿ ಆರು ವರ್ಷ. ಇಷ್ಟೆಲ್ಲ ತಿಳಿದವಳು ಮನೆಯ ಹತ್ತಿರದ ಒಂದು ಮಗುವನ್ನು ಒಂದು ಮಾತು ಕೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬೀದಿಯಲ್ಲೂ ನನ್ನಂಥವಳು ಒಬ್ಬಳು ಇದ್ದೇ ಇರುತ್ತಾಳೆ.

ನನ್ನ ಹೆಸರು ಪ್ರೇಮಲೀಲಾ. ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಸಂಘ ಸಮುದಾಯ ಭವನದಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತದೆ. ಚಿತ್ರ, ನಾಟಕ, ಹಾಡು, ಕಂಸಾಳೆ ಕಲಿಸುತ್ತೇವೆ. ಎಂಟು ತುಂಬಿದ, ಹದಿನಾಲ್ಕು ತುಂಬದ ಎಂಬತ್ತು ಮಕ್ಕಳು ಸೇರುತ್ತಾರೆ. ಭವನದ ಹಿಂದಿನ ರಸ್ತೆಯಲ್ಲಿ ಶಾರದ ಇದ್ದಾರೆ. ಅವರ ಮಗಳು ನಿಶ್ಚಿತಾಗೆ ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಮೂರು ವರ್ಷದಿಂದ ಶಾರದ ಶಿಬಿರದ ಫಾರಂ ಕೇಳಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಾನು ಕೂರಿಸಿ ಕಾಫಿ ಕೊಟ್ಟು, ಮುಂದಿನ ವರ್ಷ ನೋಡೋಣ ಎಂದು ಕಳಿಸುತ್ತಿದ್ದೆ. ಈ ಜೂನ್‌ಗೆ ನಿಶ್ಚಿತಾಗೆ ಹದಿನಾಲ್ಕು ತುಂಬುತ್ತದೆ. ಈ ಬೇಸಿಗೆ ತಪ್ಪಿದರೆ ಅವಳ ಪಾಲಿಗೆ ಮುಂದಿನ ವರ್ಷ ಅನ್ನುವುದೇ ಇರಲಿಲ್ಲ.

ಫೆಬ್ರವರಿಯಲ್ಲಿ ಒಂದು ಟ್ರಸ್ಟಿನಿಂದ ಪ್ರಕಟಣೆ ಬಂತು. ಮಕ್ಕಳ ಮತ್ತು ಯುವಜನರ ಕಾರ್ಯಕ್ರಮ ನಡೆಸುವ ನೋಂದಾಯಿತ ಸಂಘಗಳಿಗೆ ಅನುದಾನ ಕೊಡುತ್ತಾರಂತೆ. ಷರತ್ತು ಒಂದೇ. ವಿಕಲಚೇತನ ಮಕ್ಕಳು ಉಳಿದ ಮಕ್ಕಳ ಜೊತೆಗೇ ಸೇರಿ ಆಡುವಂತೆ, ಕಲಿಯುವಂತೆ ಏರ್ಪಾಟು ಮಾಡಬೇಕು. ನಮ್ಮ ಅಧ್ಯಕ್ಷರು ಶಿವರುದ್ರಪ್ಪನವರು ಆ ಕಾಗದ ನೋಡಿ ಬಹಳ ಖುಷಿಪಟ್ಟರು. ನಿವೃತ್ತ ಇಂಜಿನಿಯರ್ ಅವರು. ಭವನವನ್ನು ಬಿಸಿಲಿನಲ್ಲಿ ನಿಂತು ಕಟ್ಟಿಸಿದವರು. ಹೊಸ ಮೈಕು, ಶಾಮಿಯಾನ, ಮಕ್ಕಳಿಗೆ ಟೀ ಶರ್ಟು, ಎಲ್ಲ ಇದರಲ್ಲೇ ಆಗಿಬಿಡುತ್ತದೆ ಎಂದರು. ನಾನೂ ತಲೆಯಾಡಿಸಿದೆ.

ಅರ್ಜಿ ಬರೆಯುವುದರಲ್ಲಿ ನನ್ನ ಕೈ ಪಳಗಿದೆ ಎಂದು ನಮ್ಮ ಸಂಘದಲ್ಲಿ ಹೆಸರು. ಎರಡು ದಿನ ಕೂತು ಬರೆದೆ. ಶಿಬಿರದ ಕೊನೆಯ ದಿನ ಮಧ್ಯಾಹ್ನ 'ವಿಶೇಷ ಮಕ್ಕಳ ದಿನ'. ಆ ಮಕ್ಕಳನ್ನು ಕರೆಸುವುದು, ಹಣ್ಣು ಬ್ರೆಡ್ಡು ಹಂಚುವುದು, ಒಂದೊಂದು ಹೊದಿಕೆ ಕೊಡುವುದು, ಫೋಟೋ ತೆಗೆಸುವುದು. ನಮ್ಮಲ್ಲಿ ಯಾರ ಹುಟ್ಟುಹಬ್ಬ ಬಂದರೂ ಆಸ್ಪತ್ರೆಗೆ ಹೋಗಿ ಹಣ್ಣು ಬ್ರೆಡ್ಡು ಹಂಚುವುದಿಲ್ಲವೇ, ಅದೇ ರೂಢಿ ನನ್ನ ಕೈಯಲ್ಲೂ ಬರೆಸಿತು. ಏಳನೇ ಪ್ರಶ್ನೆ ಹೀಗಿತ್ತು. "ಈ ಯೋಜನೆ ಮಾಡುವಾಗ ವಿಕಲಚೇತನ ಮಕ್ಕಳನ್ನೂ ಅವರ ಪೋಷಕರನ್ನೂ ಕೇಳಿದ್ದೀರಾ? ಅವರು ಏನು ಹೇಳಿದರು?" ಅದಕ್ಕೆ ನಾನು, ಕೇಳಿದ್ದೇವೆ, ತುಂಬಾ ಸಂತೋಷಪಟ್ಟರು ಎಂದು ಬರೆದೆ. ಬರೆದು ಮುಂದಿನ ಪ್ರಶ್ನೆಗೆ ಹೋದೆ.

ಅರ್ಜಿ ಕಳಿಸಲು ಶುಕ್ರವಾರ ಸಂಜೆ ಐದು ಗಂಟೆ ಕೊನೆ. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಾಣಿಯನ್ನು ಭವನಕ್ಕೆ ಕರೆಸಿದೆ. ವಾಣಿ ನಮ್ಮ ಭಾಗದ ಪುನರ್ವಸತಿ ಕಾರ್ಯಕರ್ತೆ. ವಿಕಲಚೇತನರ ಮನೆಗಳಿಗೆ ಹೋಗಿ ಗುರುತಿನ ಚೀಟಿ, ಪಿಂಚಣಿ, ಗಾಲಿಕುರ್ಚಿ ಇಂಥವಕ್ಕೆ ದಾರಿ ತೋರಿಸುವುದು ಅವರ ಕೆಲಸ. ಅವರ ಎಡಗಾಲಿಗೂ ಶಕ್ತಿಯಿಲ್ಲ, ಕ್ಯಾಲಿಪರ್ ಎಂಬ ಲೋಹದ ಆಸರೆ ಕಟ್ಟಿಕೊಂಡೇ ನಡೆಯುತ್ತಾರೆ. ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂಡಿಸಿದ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಾರೆ. ಅರ್ಜಿಗೆ ಅವರ ಒಂದು ಸಹಿ ಬೇಕಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ.

ವಾಣಿ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಏಳನೇ ಪ್ರಶ್ನೆಗೆ ಬಂದು ನಿಂತರು.

"ಪ್ರೇಮಕ್ಕ, ಯಾರನ್ನ ಕೇಳಿದ್ರಿ?"

ನಾನು ಕಾಗದಗಳನ್ನು ಜೋಡಿಸತೊಡಗಿದೆ. ವಾಣಿ ತಮ್ಮ ಚೀಲದಿಂದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಭವನದಿಂದ ಅರ್ಧ ಕಿಲೋಮೀಟರಿನೊಳಗೆ ಹನ್ನೊಂದು ಮಕ್ಕಳು. ಕಿವಿ ಕೇಳದವರು ಇಬ್ಬರು, ಕಣ್ಣು ಕಾಣದವನು ಒಬ್ಬ, ಬುದ್ಧಿಯ ಬೆಳವಣಿಗೆ ನಿಧಾನವಾದವರು ಐವರು, ನಡೆಯಲಾಗದವರು ಮೂವರು. ನಾನು ಒಬ್ಬಳೇ ನಿಶ್ಚಿತಾ ಎಂದುಕೊಂಡಿದ್ದೆ. ಉಳಿದ ಹತ್ತು ಮಕ್ಕಳು ಇದೇ ರಸ್ತೆಗಳಲ್ಲಿ ಬೆಳೆದು ದೊಡ್ಡವರಾಗಿದ್ದರು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದಕ್ಕೆ ಸಹಿ ಹಾಕುವುದಿಲ್ಲ ಎಂದು ವಾಣಿ ಮೆಲ್ಲಗೆ ಹೇಳಿ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟು ಹೊತ್ತಿಗೆ ಶಿವರುದ್ರಪ್ಪನವರು ಬಂದರು. ವಿಷಯ ಕೇಳಿ ಅವರಿಗೆ ಸಿಟ್ಟು ಏರಿತು.

"ಮೊದ್ಲು ಅರ್ಜಿ ಹೋಗ್ಲಿ ಕಣಮ್ಮ. ದುಡ್ಡು ಬಂದ್ಮೇಲೆ ಸರಿ ಮಾಡ್ಕೊಂಡ್ರಾಯ್ತು. ಸುಮ್ನೆ ಸಹಿ ಹಾಕ್ಬುಡಿ."

ವಾಣಿ ಜಗ್ಗಲಿಲ್ಲ. ಅನುದಾನ ಕೊಡುವವರು ಬಂದು ಮನೆಗಳಲ್ಲಿ ವಿಚಾರಿಸುತ್ತಾರೆ, ಸುಳ್ಳು ಎಂದು ಗೊತ್ತಾದರೆ ಸಂಘದ ಹೆಸರು ಹಾಳು ಎಂದರು. ಅವರು ವಿಚಾರಿಸದೆ ಹೋದರೂ ಇದು ತಪ್ಪೇ ಎಂದರು. ಒಂದು ಮಧ್ಯಾಹ್ನ ಬೇರೆ ಕೂರಿಸಿ ತಿಂಡಿ ಕೊಟ್ಟು ಕಳಿಸುವುದು ಸೇರಿಸಿಕೊಳ್ಳುವುದಲ್ಲ. ಆಟ, ಕಲೆ, ಮನರಂಜನೆ ಎಲ್ಲದರಲ್ಲೂ ವಿಕಲಚೇತನರಿಗೆ ಉಳಿದವರಷ್ಟೇ ಹಕ್ಕಿದೆ ಎಂದು ಅವರ ಹಕ್ಕಿಗಾಗಿ ಬಂದ ಎರಡು ಸಾವಿರದ ಹದಿನಾರರ ಕಾಯ್ದೆಯೇ ಹೇಳುತ್ತದೆ ಎಂದರು. ಇಬ್ಬರ ಮಾತು ಮುಗಿಯುವ ಹೊತ್ತಿಗೆ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ಹೊಸದಾಗಿ ಬರೆಯೋಣ ಎಂದೆ. ಬರೆಯುವ ಮೊದಲು ಕೇಳಿಕೊಂಡು ಬರೋಣ ಎಂದರು ವಾಣಿ. ಶಿವರುದ್ರಪ್ಪನವರು ಕುರ್ಚಿಯಿಂದ ಏಳಲಿಲ್ಲ. ಆಗದ ಹೋಗದ ಕೆಲಸ, ಐದು ಗಂಟೆಯಾದ ಮೇಲೆ ನನ್ನನ್ನು ದೂರಬೇಡಿ ಎಂದರು.

ವಾಣಿ ಪಟ್ಟಿಯ ಮನೆಗಳಿಗೆ ಒಂದೊಂದಾಗಿ ಫೋನು ಮಾಡತೊಡಗಿದರು. ಯಾರು ಏನು ಹೇಳಿದರು ಎಂದು ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಶಾರದ ಅವರ ಮನೆಗೆ ನಡೆದೆ. ಬಿಸಿಲು ಸುಡುತ್ತಿತ್ತು. ಶಾರದ ಬಾಗಿಲನ್ನು ಅರ್ಧ ಮಾತ್ರ ತೆರೆದರು. ನಾನು ಅನುದಾನ, ಅರ್ಜಿ, ಐದು ಗಂಟೆ ಎಂದು ಗಡಿಬಿಡಿಯಲ್ಲಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಮೂರು ವರ್ಷ ನಿಮ್ ಬಾಗ್ಲಿಗೆ ಬಂದೆ ಪ್ರೇಮಕ್ಕ. ಆವಾಗ ನನ್ ಮಗಳು ಕಾಣಿಸ್ಲಿಲ್ಲ. ಈಗ ದುಡ್ಡು ಬರುತ್ತೆ ಅಂದಾಗ ಕಾಣಿಸಿದ್ಲಾ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಪ್ಪಾಯಿತು ಎಂದೆ. ಇನ್ನೇನು ಅವರು ಬಾಗಿಲು ಹಾಕುತ್ತಿದ್ದರು, ಒಳಗಿನಿಂದ ಆಂಟಿ ಎಂದು ಕರೆದ ದನಿ ಕೇಳಿತು. ಅವತ್ತು ಶಾಲೆಗೆ ರಜೆ, ನಿಶ್ಚಿತಾ ಮನೆಯಲ್ಲೇ ಇದ್ದಳು. ಗಾಲಿ ತಳ್ಳಿಕೊಂಡು ಪಡಸಾಲೆಗೆ ಬಂದಳು. ನನ್ನ ಕೈಯಲ್ಲಿದ್ದ ಅರ್ಜಿ ಕೇಳಿ ಪಡೆದು ಓದಿದಳು. ಎಂಟನೇ ಕ್ಲಾಸಿನ ಹುಡುಗಿ, ಸರಸರ ಓದುತ್ತಾಳೆ. ಓದಿ ಮುಗಿಸಿ ನನ್ನ ಮುಖ ನೋಡಿದಳು.

"ಬ್ರೆಡ್ ಯಾಕೆ ಆಂಟಿ? ನಂಗೇನು ಜ್ವರಾನಾ?"

ಹೋದ ಆಗಸ್ಟ್ ಹದಿನೈದಕ್ಕೆ ನಮ್ಮ ಸಂಘದವರೇ ಇವಳ ಕೈಗೆ ಒಂದು ಪೌಂಡು ಬ್ರೆಡ್ಡು, ಎರಡು ಮೂಸಂಬಿ ಕೊಟ್ಟು ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಆ ಫೋಟೋದಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ. ಆ ಫೋಟೋ ಕ್ಲಾಸಿನ ಹುಡುಗಿಯರ ಫೋನಿಗೆಲ್ಲ ಹೋಗಿ, ಇವಳು ಒಂದು ವಾರ ಶಾಲೆಗೇ ಹೋಗಿರಲಿಲ್ಲವಂತೆ. ಶಾರದ ಇದನ್ನು ನನಗೆ ಹೇಳಿದ್ದು ಆವತ್ತೇ ಮೊದಲು. ನನಗೆ ಭೂಮಿಗೆ ಇಳಿದುಹೋದಂತಾಯಿತು.

ಹಾಗಾದರೆ ನಿನಗೇನು ಬೇಕು ಎಂದು ಕೇಳಿದೆ. ಕೇಳಲು ಮೂರು ವರ್ಷ ತಡ ಮಾಡಿದ ಪ್ರಶ್ನೆ. ಅವಳು ಅಮ್ಮನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಭವನದ ಬಾತ್‌ರೂಮಿನ ಬಾಗಿಲು ಎಷ್ಟು ಅಗಲ ಇದೆ ಎಂದು ನನ್ನನ್ನೇ ಕೇಳಿದಳು. ನನಗೆ ಅರ್ಥವಾಗಲಿಲ್ಲ.

"ಹೊರಗೆ ಹೋಗೋ ದಿವ್ಸ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಆಂಟಿ. ಕುಡಿದ್ರೆ ಹೋಗ್ಬೇಕಾಗುತ್ತಲ್ಲ. ಹೋಗಕ್ಕೆ ಎಲ್ಲೂ ಆಗಲ್ಲ."

ಶಾರದ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಈ ಕಾರಣಕ್ಕೇ ಎರಡು ಸಲ ಉರಿಮೂತ್ರವಾಗಿ ಜ್ವರ ಬಂದು ಆಸ್ಪತ್ರೆ ಸೇರಿಸಿದ್ದನ್ನು ಹೇಳಿದರು. ನಾನು ಬರೆದ ಖರ್ಚಿನ ಪಟ್ಟಿಯಲ್ಲಿ ಮೈಕಿತ್ತು, ಬ್ಯಾನರ್ ಇತ್ತು, ವೇದಿಕೆಗೆ ಹೂವಿನ ಅಲಂಕಾರವಿತ್ತು. ಬಾತ್‌ರೂಮಿನ ಮಾತೇ ಇರಲಿಲ್ಲ. ನೂರು ಸಲ ಕೂತು ಯೋಚಿಸಿದ್ದರೂ ನನಗೆ ಹೊಳೆಯುತ್ತಿರಲಿಲ್ಲ.

ಇನ್ನೇನು ಬೇಕು ಎಂದೆ. ಕಂಸಾಳೆ ಕಲಿಯಬೇಕು ಎಂದಳು. ಮೂರು ಬೇಸಿಗೆಯೂ ಮನೆಯ ಕಿಟಕಿಯಿಂದ ತಾಳ ಕೇಳಿ ಕೇಳಿ ಅರ್ಧ ಬಾಯಿಪಾಠವಾಗಿದೆಯಂತೆ. ಕುಣಿಯದಿದ್ದರೂ ಪರವಾಗಿಲ್ಲ, ಕೂತು ಹಾಡಿಕೊಂಡು ಕಂಸಾಳೆ ಹೊಡೆಯುವವರೂ ಇದ್ದಾರಲ್ಲ ಎಂದು ನನಗೇ ಪಾಠ ಹೇಳಿದಳು. ಎಲ್ಲರ ಜೊತೆಗೇ, ಎಲ್ಲ ದಿನವೂ. ಕೊನೆ ದಿನ ಮಧ್ಯಾಹ್ನ ಒಂದೇ ಅಲ್ಲ.

ಎರಡೂವರೆ ಆಗಿತ್ತು. ಭವನಕ್ಕೆ ಬಂದು ನೋಡಿಬಿಡೋಣ ಎಂದು ಕರೆದೆ. ಶಾರದ, ಮತ್ತೆ ಆಸೆ ಹುಟ್ಟಿಸಿ ಕೈಬಿಟ್ಟರೆ ಈ ಮಗು ತಡೆಯಲ್ಲ ಎಂದರು. ಕೊನೆಗೆ ಮಗಳ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ಭವನದ ಮುಂದೆ ನಾಲ್ಕು ಮೆಟ್ಟಿಲು. ನಾನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಮೆಟ್ಟಿಲು, ಎಣಿಸಿದ್ದು ಅವತ್ತೇ. ಅಲ್ಲಿದ್ದ ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತಿಬಿಡುತ್ತೇವೆ ಎಂದು ಮುಂದೆ ಬಂದರು. ನಿಶ್ಚಿತಾ ಎರಡೂ ಗಾಲಿ ಬಿಗಿಯಾಗಿ ಹಿಡಿದುಕೊಂಡಳು. ಬೇಡ, ಎತ್ತಬೇಡಿ ಎಂದಳು. ಬೆಳೆದ ಹುಡುಗಿ. ಯಾರ್ಯಾರೋ ಮೈ ಮುಟ್ಟಿ ಎತ್ತುವುದು ಅವಳಿಗೆ ಎಷ್ಟು ಮುಜುಗರ ಎಂದು ಆ ಹಿಡಿತ ನೋಡಿದರೇ ತಿಳಿಯುತ್ತಿತ್ತು. ಗಂಡಸರು ಹಿಂದೆ ಸರಿದರು. ಬಾಗಿಲಲ್ಲಿ ಶಿವರುದ್ರಪ್ಪನವರು ನಿಂತಿದ್ದರು. ನಿಶ್ಚಿತಾ ತಲೆಯೆತ್ತಿ ಅವರನ್ನು ನೋಡಿದಳು.

"ತಾತ, ನಂಗೆ ಬರಕ್ಕಾಗಲ್ಲ. ನೀವೇ ಕೆಳಗೆ ಬನ್ನಿ."

ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದರು. ಅವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ಅವರಿಗೆ ಇದ್ದದ್ದು ಭಯ. ಅದನ್ನೇ ಬಾಯಿಬಿಟ್ಟು ಹೇಳಿದರು. ಎಂಬತ್ತು ಮಕ್ಕಳು ಓಡಾಡುವ ಜಾಗ, ನೂಕುನುಗ್ಗಲಿನಲ್ಲಿ ಈ ಮಗು ಬಿದ್ದು ಪೆಟ್ಟಾದರೆ ಜವಾಬ್ದಾರಿ ಯಾರದು? ಉಳಿದ ಪೋಷಕರು ಒಪ್ಪುತ್ತಾರಾ? ಇಷ್ಟು ಹೊತ್ತು ಸುಮ್ಮನಿದ್ದ ಶಾರದ ಅವರ ಮುಂದೆ ಬಂದು ನಿಂತರು.

"ಹೋದ ವರ್ಷ ಶಿಬಿರದಲ್ಲಿ ಬಿದ್ದು ಕೈ ಮುರ್ಕೊಂಡಿದ್ದು ನಡೆಯೋ ಮಗೂನೇ ಅಲ್ವಾ ಸರ್? ಅದಾದ್ಮೇಲೆ ನಡೆಯೋ ಮಕ್ಕಳನ್ನ ಸೇರಿಸ್ಕೊಳ್ಳೋದು ನಿಲ್ಲಿಸ್ಬುಟ್ರಾ?"

ಆಗ ನಾನು ಬಾತ್‌ರೂಮಿನ ಮಾತು ತೆಗೆದೆ. ಮಗಳು ನೀರು ಕುಡಿಯದ ಸಂಗತಿಯನ್ನು ಶಾರದ ಹೇಳಿದರು. ಶಿವರುದ್ರಪ್ಪನವರು ಇಂಜಿನಿಯರ್ ಮನುಷ್ಯ, ಮಾತಿಗಿಂತ ಅಳತೆಯನ್ನು ನಂಬುವವರು. ಒಳಗಿಂದ ಟೇಪು ತಂದರು. ಗಾಲಿಕುರ್ಚಿಯ ಅಗಲ ಹಿಡಿದರು. ಇಪ್ಪತ್ತೈದು ಇಂಚು. ಮೇಲೆ ಹೋಗಿ ಬಾತ್‌ರೂಮಿನ ಬಾಗಿಲು ಅಳೆದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಮುಖ ಸಣ್ಣಗಾಗಿತ್ತು.

"ಇಪ್ಪತ್ನಾಲ್ಕು. ನಾನೇ ನಕ್ಷೆ ಹಾಕಿದ್ದು ಕಣಮ್ಮ. ಒಂದಿಂಚಿಗೆ ಈ ಮಗೂನ ಹೊರಗಿಟ್ಬುಟ್ಟಿದ್ದೀನಿ."

ಮೂರೂಕಾಲು. ಆಮೇಲೆ ನಾವು ಯಾರೂ ಕೂರಲಿಲ್ಲ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂದು ವಾಣಿ ಹೇಳಿದರು. ನಾಲ್ಕು ಮೆಟ್ಟಿಲು ಎರಡು ಅಡಿ ಎತ್ತರ, ಅಂದರೆ ಇಪ್ಪತ್ತನಾಲ್ಕು ಅಡಿ. ಅಷ್ಟು ಉದ್ದಕ್ಕೆ ಜಾಗವಿದ್ದದ್ದು ಕಾಂಪೌಂಡಿನ ಪಕ್ಕದಲ್ಲಿ ಮಾತ್ರ. ಅಲ್ಲಿ ಶಂಕುಸ್ಥಾಪನೆಯ ಕಲ್ಲಿತ್ತು. ಅದರ ಮೇಲೆ ಅಧ್ಯಕ್ಷರ ಹೆಸರು ದಪ್ಪಕ್ಷರದಲ್ಲಿತ್ತು. ಇಲ್ಲಿಗೆ ನಿಂತಿತು ಕೆಲಸ ಎಂದುಕೊಂಡೆ. ಶಿವರುದ್ರಪ್ಪನವರು ಆ ಕಲ್ಲನ್ನು ಒಂದು ಕ್ಷಣ ನೋಡಿ, ಕೀಳಿಸೋಣ, ಗೋಡೆಗೆ ಹಾಕಿಸಿದರಾಯಿತು ಎಂದು ಅಳತೆ ಬರೆದುಕೊಂಡರು.

ಹೊಂಗೆ ಮರದ ಕೆಳಗೆ ಮೇಜು ಹಾಕಿ ಅರ್ಜಿಯನ್ನು ಹೊಸದಾಗಿ ಬರೆದೆವು. ವಿಶೇಷ ದಿನ ಹೋಯಿತು, ಹೊದಿಕೆ ಹೋಯಿತು, ಹೂವಿನ ಅಲಂಕಾರ ಹೋಯಿತು. ಇಳಿಜಾರು, ಮೂರು ಅಡಿ ಅಗಲದ ಬಾಗಿಲು, ಹಿಡಿದುಕೊಳ್ಳಲು ಕಂಬಿ ಬಂದವು. ವಾಣಿಯ ಫೋನಿಗೆ ಸಿಕ್ಕ ಪೋಷಕರು ಕೇಳಿದ್ದೂ ಸೇರಿತು. ಕಿವಿ ಕೇಳದ ಮಕ್ಕಳಿಗೆ ಸನ್ನೆ ಭಾಷೆ ಬಲ್ಲವರೊಬ್ಬರು, ಗದ್ದಲ ತಡೆಯದ ಮಕ್ಕಳಿಗೆ ಒಂದು ಮೌನದ ಮೂಲೆ. ಮೈಕು, ಟೀ ಶರ್ಟು ಎರಡನ್ನು ಮಾತ್ರ ಅಧ್ಯಕ್ಷರು ಬಿಡಲಿಲ್ಲ, ಇರಲಿ ಬಿಡಿ ಎಂದು ಬರೆದೆ. ಏಳನೇ ಪ್ರಶ್ನೆಗೆ ನಾನು ಪೆನ್ನು ಮುಟ್ಟಲಿಲ್ಲ. ನಿಶ್ಚಿತಾ ತನ್ನ ಕೈಯಾರೆ ಬರೆದಳು.

ನಾಲ್ಕೂಕಾಲಿಗೆ ಸಂಘದ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆದು ಅಧ್ಯಕ್ಷರಿಂದ ಸಹಿ ಹಾಕಿಸಿದೆ. ವಾಣಿ ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು, ಶಾರದ ಪೋಷಕರ ಜಾಗದಲ್ಲಿ ಸಹಿ ಹಾಕಿದರು. ನೋಂದಣಿ ಪತ್ರ, ಮೂರು ವರ್ಷದ ಲೆಕ್ಕಪರಿಶೋಧನೆ ವರದಿ, ಪ್ಯಾನ್ ಕಾರ್ಡು ಎಲ್ಲ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿನಲ್ಲಿ ಹಾಕತೊಡಗಿದೆ. ಕೊನೆಯ ದಿನ ಅಲ್ಲವೇ, ನಮ್ಮಂಥ ಸೋಮಾರಿಗಳೆಲ್ಲ ಒಟ್ಟಿಗೆ ನುಗ್ಗಿರಬೇಕು, ಪುಟ ಮುಂದಕ್ಕೆ ಹೋಗದೆ ಗಿರ್ರನೆ ಸುತ್ತುತ್ತಲೇ ಇತ್ತು. ನಾಲ್ಕು ನಲವತ್ತಕ್ಕೆ ಒಂದು ಸಲ ಎಲ್ಲ ಅಳಿಸಿಹೋಯಿತು. ಮತ್ತೆ ತುಂಬಿದೆ. ನಿಶ್ಚಿತಾ ಪಕ್ಕದಲ್ಲೇ ಪರದೆ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಈ ಯಂತ್ರ ಕೈಕೊಟ್ಟರೆ ಅದಕ್ಕೆ ಕಾರಣ ಯಂತ್ರವಲ್ಲ, ಎರಡು ದಿನ ಸುಳ್ಳು ಬರೆದುಕೊಂಡು ಕೂತ ನಾನು. ನಾಲ್ಕು ಐವತ್ನಾಲ್ಕಕ್ಕೆ ಅರ್ಜಿ ತಲುಪಿದೆ ಎಂದು ಸಂಖ್ಯೆ ಬಂತು. ಶಿವರುದ್ರಪ್ಪನವರು ಅದನ್ನು ಎರಡು ಕಡೆ ಬರೆದಿಟ್ಟುಕೊಂಡರು.

ಮಾರ್ಚ್ ಮೂರನೇ ವಾರ ಟ್ರಸ್ಟಿನಿಂದ ಇಬ್ಬರು ಬಂದರು. ನಮ್ಮ ಕಾಫಿ ಕುಡಿಯುವ ಮೊದಲೇ ನಿಶ್ಚಿತಾಳ ಮನೆಗೆ ಹೋದರು. ಅರ್ಧ ಗಂಟೆ ಅವಳ ಜೊತೆಗೇ ಮಾತಾಡಿದರು. ಹಣ ಮಂಜೂರಾಯಿತು, ಕೇಳಿದಷ್ಟೂ ಅಲ್ಲ. ಮೈಕು, ಟೀ ಶರ್ಟು ಹೊಡೆದುಹಾಕಿದ್ದರು. ಇಳಿಜಾರು, ಬಾತ್‌ರೂಮು, ಸನ್ನೆ ಭಾಷೆಯವರ ಸಂಭಾವನೆ, ಇವಕ್ಕೆ ಪೂರ್ತಿ ಕೊಟ್ಟಿದ್ದರು. ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳು ಸೇರಿದರು. ಇನ್ನು ನಾಲ್ಕು ಮನೆಗಳಿಗೆ ನಮ್ಮ ಮೇಲೆ ನಂಬಿಕೆ ಬಂದಿಲ್ಲ, ಬರಬೇಕಾದರೆ ಕಾಲ ಹಿಡಿಯುತ್ತದೆ. ಈ ಮಕ್ಕಳ ಜೊತೆ ಬೇಡ ಎಂದು ಒಂದು ಮನೆಯವರು ತಮ್ಮ ಮಗನನ್ನು ಶಿಬಿರದಿಂದ ಬಿಡಿಸಿಕೊಂಡು ಹೋದರು. ಅಧ್ಯಕ್ಷರೇ ಅವರ ಮನೆಗೆ ಹೋಗಿ ಮಾತಾಡಿ ವಾಪಸ್ ಕರೆತಂದರು.

ಶಿಬಿರದ ಮೊದಲ ದಿನ ಬೆಳಿಗ್ಗೆ ಶಾರದ ಮಗಳ ಹಿಂದೆ ಚೀಲ ಹಿಡಿದು ಬಂದರು. ಚೀಲದಲ್ಲಿ ಬಟ್ಟೆ, ಮಾತ್ರೆ, ತಿಂಡಿ. ಹದಿಮೂರು ವರ್ಷದಿಂದ ಶಾಲೆಯಾಗಲಿ ಮದುವೆಮನೆಯಾಗಲಿ, ಮಗಳಿದ್ದ ಕಡೆ ತಾವೂ ಒಂದು ಮೂಲೆಯಲ್ಲಿ ಕೂತೇ ಅಭ್ಯಾಸ. ಇಲ್ಲೂ ಗೋಡೆ ಪಕ್ಕ ಜಾಗ ನೋಡಿಕೊಂಡರು. ಹೊಸದಾಗಿ ಕಟ್ಟಿಸಿದ ಇಳಿಜಾರಿನ ಮೇಲೆ ಹೋಗಿದ್ದ ನಿಶ್ಚಿತಾ ಗಾಲಿ ನಿಲ್ಲಿಸಿ ತಿರುಗಿದಳು.

"ಅಮ್ಮ, ನೀನು ಮನೆಗೆ ಹೋಗು. ಒಂದು ಗಂಟೆಗೆ ಬಾ."

ಶಾರದ ಭವನದ ಗೇಟಿನ ಹೊರಗೆ ಬಂದು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನಾನು ಹೋಗಿ ಏನಾಯಿತು ಎಂದು ಕೇಳಿದೆ. ಮೂರು ಗಂಟೆ ಹೊತ್ತು ಸಿಕ್ಕಿದೆ ಪ್ರೇಮಕ್ಕ, ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗುತ್ತಿಲ್ಲ ಎಂದು ಹೇಳಿ, ನಡುರಸ್ತೆಯಲ್ಲೇ ಅತ್ತುಬಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘವೂ ಮಕ್ಕಳಿಗೆ ಶಿಬಿರ ನಡೆಸುತ್ತಿರಬಹುದು, ಆಟ ಆಡಿಸುತ್ತಿರಬಹುದು. ವಿಕಲಚೇತನ ಮಕ್ಕಳನ್ನು ಸೇರಿಸಿಕೊಳ್ಳಲು ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಇದಕ್ಕೆಂದೇ ನೆರವು ಕೊಡುವವರಿದ್ದಾರೆ. ಜಿಲ್ಲೆಯ ವಿಕಲಚೇತನರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ನಿಮ್ಮ ಭಾಗದ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ ಪಟ್ಟಿ ಕೇಳಿ, ಸಂಘದ ಕಾಗದಪತ್ರ ಮುಂಚೆಯೇ ಸರಿಯಾಗಿಟ್ಟುಕೊಳ್ಳಿ, ಕೊನೆಯ ದಿನದವರೆಗೆ ಕಾಯಬೇಡಿ. ಅರ್ಜಿಯಲ್ಲಿ ಏನು ಬರೆಯಬೇಕು ಎಂದು ಮಾತ್ರ ನನ್ನನ್ನು ಕೇಳಬೇಡಿ. ಅದು ನಿಮ್ಮ ಬೀದಿಯ ಒಂದು ಮನೆಯೊಳಗಿರುವ ಮಗುವಿಗೆ ಗೊತ್ತು. ಇವತ್ತೇ ಆ ಮನೆಗೆ ಹೋಗಿ, ಕೂತು ಕೇಳಿ.